ಊರಿನವರಿಗೆ ಕೆಲಸ, ಊರಿಗೆ ಹೊಗೆ



ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ತುಮಕೂರಿನ ನಮ್ಮ ಮನೆಗೆ ಹಳೆಯ ಶಿಷ್ಯನೊಬ್ಬ ಬಂದಿದ್ದ. ನಾನು ಕುಣಿಗಲ್ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಬೋಧಿಸುತ್ತಿದ್ದಾಗ, 1991ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು. "ನನ್ನ ಹೆಸ್ರು ಬರೀಬೇಡಿ ಸಾರ್" ಎಂದು ಕೇಳಿಕೊಂಡಿರುವುದರಿಂದ ಬರೆಯುವುದಿಲ್ಲ. ಅವನೊಡನೆ ಓದಿದವರು ಈ ಬರಹದ ಅರ್ಧಕ್ಕೆ ಬರುವಷ್ಟರಲ್ಲಿ ಗುರುತು ಹಿಡಿದುಬಿಡುತ್ತೀರಿ, ಹಿಡಿದರೂ ಸುಮ್ಮನಿರಿ. ಒಂದು ಕೈಯಲ್ಲಿ ತೋಟದ ಪುಟ್ಟಬಾಳೆಯ ಚಿಪ್ಪು, ಇನ್ನೊಂದು ಕೈಯಲ್ಲಿ ಲೀಟರಿನ ಪ್ಲಾಸ್ಟಿಕ್ ಬಾಟಲಿ ತುಂಬ ಅವನ ಕೊಳವೆಬಾವಿಯ ನೀರು. ಹಣ್ಣು ನಮ್ಮ ಮನೆಯವರ ಕೈಗೆ ಹೋಯಿತು. ಬಾಟಲಿಯನ್ನು ನನ್ನ ಮೇಜಿನ ಮೇಲೆ ಪತ್ರಿಕೆಗಳ ಪಕ್ಕದಲ್ಲಿ ಇಟ್ಟ. ಅದರ ವಿಚಾರ ಆಮೇಲೆ.

ಈತ ಹದಿನಾಲ್ಕು ವರ್ಷ ಒಮಾನ್ ದೇಶದ ತೈಲಕ್ಷೇತ್ರಗಳಲ್ಲಿ ದುಡಿದವನು. ದೊಡ್ಡ ಕಂಪನಿಯ ನೇರ ನೌಕರನಲ್ಲ. ಅದರ ಕೆಳಗಿನ ಗುತ್ತಿಗೆದಾರರೊಬ್ಬರ ಬಳಿ ಕೊಳವೆಗಳ ಬೆಸುಗೆ ಪರೀಕ್ಷಿಸುವ ಮೇಲ್ವಿಚಾರಕ. 2018ರಲ್ಲಿ ಊರಿಗೆ ಹಿಂದಿರುಗಿದ. ಕಾಫಿ ಕುಡಿಯುತ್ತಾ ನಾನು ಕೇಳಿದೆ.

"ಅಲ್ಲಿಯ ಕೆಲಸ ಹೋದದ್ದು ಹೇಗಪ್ಪಾ?"

"ಆ ದೇಶದ ಹುಡ್ಗನಿಗೇ ಕೊಟ್ರು ಸಾರ್. ನಾನೇ ಕಲ್ಸಿದ್ ಹುಡ್ಗ."

ಆ ಮಾತಿನಲ್ಲಿ ಕಹಿ ಇದೆಯೇ ಎಂದು ಅವನ ಮುಖ ನೋಡಿದೆ. ಇರಲಿಲ್ಲ. ಎರಡು ವರ್ಷ ಬಿಸಿಲಿನಲ್ಲಿ ಪಕ್ಕದಲ್ಲಿ ನಿಲ್ಲಿಸಿಕೊಂಡು ಆ ಹುಡುಗನಿಗೆ ಬೆಸುಗೆಯ ಗುಣದೋಷ ನೋಡುವುದನ್ನು ಕಲಿಸಿದನಂತೆ. ಮೊದಲ ದಿನವೇ ಇಬ್ಬರಿಗೂ ಗೊತ್ತಿತ್ತಂತೆ, ಕಲಿತ ಮೇಲೆ ಒಬ್ಬರು ಉಳಿಯುತ್ತಾರೆ, ಇನ್ನೊಬ್ಬರು ಹೊರಡುತ್ತಾರೆ ಎಂದು. "ಅವ್ರ ನೆಲ ಸಾರ್, ಅವ್ರ ಎಣ್ಣೆ. ನಾವು ನಮ್ಮೂರಲ್ಲಿ ಅದನ್ನೇ ತಾನೇ ಕೇಳೋದು?" ಎಂದ. ನಿಜ, ಅದನ್ನೇ ಕೇಳುವುದು. ಕೇಳುವವರಲ್ಲಿ ನಾನೂ ಒಬ್ಬ. ಆದರೆ ನಮ್ಮ ಕೇಳುವಿಕೆಗೂ ಅಲ್ಲಿ ನಡೆದದ್ದಕ್ಕೂ ನಡುವೆ ಏನೋ ಒಂದು ವ್ಯತ್ಯಾಸವಿದೆ ಎನಿಸಿ ಅಂದಿನಿಂದ ಅದೇ ಯೋಚನೆ.

ಎಣ್ಣೆಯ ಮಾತು ಬಂದಾಗ ನನಗೆ ಮೊದಲು ನೆನಪಾಗುವುದು ಕಪ್ಪುಹಲಗೆಯ ಮೇಲಿನ ಒಂದು ಗೋಪುರ. ಹತ್ತನೆಯ ತರಗತಿಯ ರಸಾಯನಶಾಸ್ತ್ರದಲ್ಲಿ ಕಚ್ಚಾತೈಲದ ಆಂಶಿಕ ಆಸವನ ಎಂಬ ಪಾಠವಿತ್ತು. ಕೆಳಗೆ ಕುಲುಮೆ, ತಳದಲ್ಲಿ ಡಾಮರು, ಅದರ ಮೇಲೆ ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್, ತುತ್ತತುದಿಯಲ್ಲಿ ಅನಿಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಚಿತ್ರ ಬರೆದಿದ್ದೇನೆ. ನನ್ನ ಕೈಯಲ್ಲಿ ಪ್ರತಿ ಸಲವೂ ಅದು ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ಹಿಂದಿನ ಬೆಂಚಿನವರು ನಗುತ್ತಿದ್ದಿರಿ. ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಖಂಡಿತ ಎಂದು ಹೇಳಿಕೊಡುತ್ತಿದ್ದೆ. ಆ ಗೋಪುರ ಯಾರ ಹೊಲದಲ್ಲಿ ನಿಂತಿದೆ, ಅದಕ್ಕೆ ನೀರು ಯಾವ ಹೊಳೆಯದು, ಹೊಗೆ ಯಾರ ಮನೆಯ ಮೇಲೆ ಹೋಗುತ್ತದೆ ಎಂಬುದು ಪಠ್ಯಪುಸ್ತಕದಲ್ಲಿ ಇರಲಿಲ್ಲ, ನಾನೂ ಸೇರಿಸಲಿಲ್ಲ.

ಕುಣಿಗಲ್ಲಿನವರಿಗೆ ಎಣ್ಣೆ ಬೇರೆ ರೂಪದಲ್ಲಿ ಪರಿಚಿತ. ಬೆಂಗಳೂರು–ಮಂಗಳೂರು ಹೆದ್ದಾರಿ ಊರನ್ನು ಹಾದು ಹೋಗುತ್ತದಲ್ಲ, ಅದರ ಮೇಲೆ ಶಿರಾಡಿ ಘಾಟಿಯನ್ನು ಹತ್ತಿ ಬಂದ ಟ್ಯಾಂಕರುಗಳ ಸಾಲು. 2003ರಲ್ಲಿ ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಸುಮಾರು 360 ಕಿಲೋಮೀಟರ್ ಉದ್ದದ ತೈಲದ ಕೊಳವೆಮಾರ್ಗ ಬಂದ ಮೇಲೆ ಆ ಸಾಲು ಎಷ್ಟೋ ಕಡಿಮೆಯಾಯಿತು. ಅದಕ್ಕೆ ಮೊದಲು ಸಂಜೆ ಶಾಲೆ ಬಿಟ್ಟಾಗ ರಸ್ತೆ ದಾಟುವ ಮಕ್ಕಳನ್ನು ಕೈಹಿಡಿದು ದಾಟಿಸುವುದೇ ನಮಗೊಂದು ಕೆಲಸವಾಗಿತ್ತು.

ಮಂಗಳೂರಿನ ತೈಲ ಶುದ್ಧೀಕರಣಾಗಾರ, ಎಂ.ಆರ್.ಪಿ.ಎಲ್., 1988ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಸಮೂಹದ ಜಂಟಿ ಸಂಸ್ಥೆಯಾಗಿ ಹುಟ್ಟಿತು. 1996ರಲ್ಲಿ ಉತ್ಪಾದನೆ ಆರಂಭಿಸಿತು, 2003ರಲ್ಲಿ ಓ.ಎನ್.ಜಿ.ಸಿ. ತೆಕ್ಕೆಗೆ ಬಂದಿತು. ನನ್ನ ಈ ಶಿಷ್ಯ ತುಮಕೂರಿನಲ್ಲಿ ಡಿಪ್ಲೊಮಾ ಮುಗಿಸಿ ಮೊದಲು ಹೋದದ್ದೂ ಮಂಗಳೂರಿನ ಕಡೆಗೇ, 1995ರಲ್ಲಿ, ನಿರ್ಮಾಣದ ಒಂದು ಗುತ್ತಿಗೆ ತಂಡದ ಜೊತೆ. ಅಲ್ಲಿ ಅವನಿಗೆ ಸಿಕ್ಕಿದ ಮೊದಲ ಬಿರುದು "ಘಟ್ಟದವನು". ಕರಾವಳಿಯವರ ಬಾಯಲ್ಲಿ ಅದು ಬೈಗುಳವೇನೂ ಅಲ್ಲ, ಆದರೆ ಹೊಗಳಿಕೆಯೂ ಅಲ್ಲ. "ನಮ್ಮ ಜಾಗ ಹೋಯ್ತು, ಕೆಲಸಕ್ಕೆ ಘಟ್ಟದಿಂದ ಬಂದ್ರು" ಎಂದು ಜೊತೆಯ ಹುಡುಗರೇ ಹೇಳುತ್ತಿದ್ದರಂತೆ. ಇಪ್ಪತ್ತು ವರ್ಷದ ನಮ್ಮ ಹುಡುಗನಿಗೆ ಆಶ್ಚರ್ಯ. ತಾನು ಕನ್ನಡ ನಾಡಿನವನು, ಇದು ಕನ್ನಡ ನಾಡು, ತಾನು ಹೇಗೆ ಹೊರಗಿನವನಾದೆ?

ಸ್ಥಳೀಯ ಎಂಬ ಮಾತು ಎಳೆದಷ್ಟು ಹಿಗ್ಗುತ್ತದೆ, ಅಮುಕಿದಷ್ಟು ಕುಗ್ಗುತ್ತದೆ. ನಾನು ಕೆಲಸಕ್ಕೆ ಸೇರಿದ 1986ರಲ್ಲಿಯೇ ಡಾ. ಸರೋಜಿನಿ ಮಹಿಷಿಯವರ ಸಮಿತಿ ತನ್ನ ಅಂತಿಮ ವರದಿಯನ್ನು ಕೊಟ್ಟಿತು. 58 ಶಿಫಾರಸುಗಳು, ಅವುಗಳಲ್ಲಿ 45ನ್ನು ಸರ್ಕಾರ ಒಪ್ಪಿತು. ಕರ್ನಾಟಕದಲ್ಲಿ ಹದಿನೈದು ವರ್ಷ ನೆಲೆಸಿ ಕನ್ನಡ ಬಲ್ಲವನು ಕನ್ನಡಿಗ ಎಂದು ಅದು ಉದಾರವಾಗಿಯೇ ಹೇಳಿತ್ತು. ಆ ವರ್ಷ ಶಿಕ್ಷಕರ ಕೊಠಡಿಯಲ್ಲಿ ನಾವು ಹೊಸಬರೆಲ್ಲ ಇನ್ನು ನಮ್ಮ ಮಕ್ಕಳಿಗೆ ಕೆಲಸದ ಚಿಂತೆಯಿಲ್ಲ ಎಂದು ಸಂಭ್ರಮಿಸಿದ್ದು ನೆನಪಿದೆ. ಮಹಿಷಿಯವರು 2015ರಲ್ಲಿ ತೀರಿಕೊಂಡರು. 2024ರ ಜುಲೈನಲ್ಲಿ ಆಡಳಿತಾತ್ಮಕ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂಬ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳ ಗದ್ದಲದಿಂದ ಎರಡೇ ದಿನಗಳಲ್ಲಿ ತಡೆಹಿಡಿಯಿತು. ಸರ್ಕಾರಿ ಉದ್ದಿಮೆಗಳ ಕಥೆ ಇನ್ನೂ ಬಿಗಿ. ಸಂವಿಧಾನದ 16ನೆಯ ವಿಧಿ ಹುಟ್ಟಿದ ಊರು, ವಾಸದ ಊರು ನೋಡಿ ಸರ್ಕಾರಿ ಕೆಲಸ ಕೊಡುವುದನ್ನು ನಿಷೇಧಿಸುತ್ತದೆ; ವಾಸಸ್ಥಳದ ವಿಷಯದಲ್ಲಿ ವಿನಾಯಿತಿ ಬೇಕಾದರೆ ಸಂಸತ್ತೇ ಕಾನೂನು ಮಾಡಬೇಕು. ಹರಿಯಾಣ ಖಾಸಗಿ ಕಂಪನಿಗಳಲ್ಲಿ ಶೇ. 75ರ ಕಾನೂನು ಮಾಡಿತು. 2023ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟು ಅದನ್ನು ರದ್ದುಗೊಳಿಸಿತು.

2021ರಲ್ಲಿ ಎಂ.ಆರ್.ಪಿ.ಎಲ್. ನೇಮಕಾತಿಯ ಪಟ್ಟಿ ಹೊರಬಿದ್ದಾಗ ಅದರಲ್ಲಿ ನಮ್ಮ ರಾಜ್ಯದವರು, ಅದರಲ್ಲೂ ದಕ್ಷಿಣ ಕನ್ನಡದವರು, ಬೆರಳೆಣಿಕೆಯಷ್ಟೇ ಎಂದು ದೊಡ್ಡ ಕೂಗೆದ್ದಿತು. ಪಕ್ಷಭೇದವಿಲ್ಲದೆ ಎಲ್ಲರೂ ಮಾತನಾಡಿದರು. ಅಖಿಲ ಭಾರತ ಮಟ್ಟದ ಪರೀಕ್ಷೆ, ಅಂಕದ ಪ್ರಕಾರ ಆಯ್ಕೆ ಎಂಬುದು ಒಂದು ಕಡೆಯ ಮಾತು. ಬಾಳ, ಕುತ್ತೆತ್ತೂರು ಮೊದಲಾದ ಊರುಗಳು ಅಖಿಲ ಭಾರತದ ಪರವಾಗಿ ತಮ್ಮ ಗದ್ದೆ ಬಿಟ್ಟುಕೊಟ್ಟವು, ಹಾಗಾದರೆ ಅದಕ್ಕೆ ಅಂಕವೆಷ್ಟು ಎಂಬುದು ಇನ್ನೊಂದು ಕಡೆಯ ಮಾತು. ಆ ಪ್ರದೇಶದ ಇತಿಹಾಸ ತಿಳಿದವರಿಗೆ ಎರಡನೆಯ ಮಾತಿನ ಭಾರ ಗೊತ್ತು. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟುವಾಗ ಎಬ್ಬಿಸಿದ ಕುಟುಂಬಗಳಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ಕೊಟ್ಟರು. ಒಂದು ತಲೆಮಾರು ಕಳೆಯಿತು. ಆಮೇಲೆ ಅವರ ಪಕ್ಕಕ್ಕೇ ಶುದ್ಧೀಕರಣಾಗಾರ ಬಂತು.

ನಮ್ಮ ಭಾವನವರು ಸುರತ್ಕಲ್ಲಿನಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದಾಗ, 1997ರ ಬೇಸಿಗೆ ರಜೆಯಲ್ಲಿ, ಸಂಸಾರ ಸಮೇತ ಹೋಗಿದ್ದೆವು. ರಾತ್ರಿ ಮಹಡಿಯ ಮೇಲೆ ನಿಂತರೆ ಪೂರ್ವದ ಆಕಾಶದಲ್ಲಿ ಒಂದು ದೊಡ್ಡ ಜ್ವಾಲೆ. ಚಿಕ್ಕ ಮಗಳು ದೀಪಾವಳಿ ಎಂದುಕೊಂಡಳು. ಹೆಚ್ಚಾದ ಅನಿಲವನ್ನು ಸುರಕ್ಷತೆಗಾಗಿ ಹಾಗೆ ಉರಿಸುತ್ತಾರೆ ಎಂದು ವಿಜ್ಞಾನದ ಮೇಷ್ಟ್ರ ಗತ್ತಿನಲ್ಲಿ ವಿವರಿಸಿದೆ. ವಿವರಣೆ ಸರಿಯಾಗಿಯೇ ಇತ್ತು. ಆದರೆ ಆ ಜ್ವಾಲೆಯ ಕೆಳಗಿನ ಊರಿನ ಹೆಸರೇನು ಎಂದು ಅವಳು ಕೇಳಿದಾಗ ನನಗೆ ಗೊತ್ತಿರಲಿಲ್ಲ.

ಅಲ್ಲಿಯ ಊರುಗಳ ಹೆಸರು ನನಗೆ ಗೊತ್ತಾದದ್ದು ಪತ್ರಿಕೆಗಳಿಂದ, ಬಹಳ ತಡವಾಗಿ. ಶುದ್ಧೀಕರಣದಲ್ಲಿ ತಳಕ್ಕೆ ಉಳಿಯುವ ಅತಿ ಭಾರದ ಭಾಗದಿಂದಲೂ ಬೆಲೆಬಾಳುವ ಎಣ್ಣೆ ತೆಗೆದು, ಉಳಿದದ್ದನ್ನು ಕಪ್ಪು ಕೋಕ್ ಆಗಿಸುವ ಘಟಕ 2014ರ ಸುಮಾರಿಗೆ ಬಂದಿತು. ನನ್ನ ಕಪ್ಪುಹಲಗೆಯ ಗೋಪುರದಲ್ಲಿ ಆ ಭಾಗ ಡಾಮರಾಗಿ ರಸ್ತೆಗೆ ಹೋಗಿ ಪಾಠ ಮುಗಿಯುತ್ತಿತ್ತು. ಆ ಕೋಕಿನ ಪುಡಿ ಮನೆಗಳ ಮೇಲೆ, ಬಾವಿಗಳ ಮೇಲೆ ಬೀಳುತ್ತಿದೆ ಎಂದು ಪಕ್ಕದ ಜೋಕಟ್ಟೆಯ ಜನ ವರ್ಷಗಟ್ಟಲೆ ಹೋರಾಡಿದರು. 2016ರಲ್ಲಿ ರಾಜ್ಯ ಸರ್ಕಾರ ಊರಿಗೂ ಘಟಕಕ್ಕೂ ನಡುವೆ 27 ಎಕರೆಯ ಹಸಿರು ವಲಯ ಬೆಳೆಸುವುದೂ ಸೇರಿದಂತೆ ಕೆಲವು ಕ್ರಮಗಳಿಗೆ ಆದೇಶಿಸಿತು. ಪುಡಿ ಹಾರದಂತೆ ಏರ್ಪಾಡು ಮಾಡಿದ್ದೇವೆ ಎಂದು ಸಂಸ್ಥೆ, ಆದೇಶ ಪೂರ್ತಿ ಜಾರಿಯಾಗಲಿಲ್ಲ ಎಂದು ಊರಿನವರು. ವಾದ ಬಹಳ ಕಾಲ ನಡೆಯಿತು. ನೀರಿನ ವಿಷಯದಲ್ಲಿ ಮಾತ್ರ ಒಂದು ಒಳ್ಳೆಯ ಹೆಜ್ಜೆಯನ್ನು ಹೇಳಲೇಬೇಕು. ನೇತ್ರಾವತಿ ಬತ್ತಿ 2019ರಂಥ ಬೇಸಿಗೆಗಳಲ್ಲಿ ಘಟಕಗಳನ್ನೇ ನಿಲ್ಲಿಸಬೇಕಾಗಿ ಬಂದ ಮೇಲೆ, ಸಮುದ್ರದ ಉಪ್ಪುನೀರನ್ನು ಸಿಹಿ ಮಾಡುವ ಸ್ಥಾವರವನ್ನು ಕಡಲ ದಂಡೆಯಲ್ಲಿ ಕಟ್ಟಿದರು. ಅದು ಇರುವ ಜಾಗದ ಹೆಸರು ತಣ್ಣೀರುಬಾವಿ.

ಇನ್ನು ನನ್ನ ಮನೆಯ ಮುಂದಿನ ಕಸಕ್ಕೆ ಬರುತ್ತೇನೆ. ಇಲ್ಲಿಯವರೆಗಿನದನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಮುಂದಿನದನ್ನು ನಾನೇ ಬರೆಯಬೇಕು, ಇಷ್ಟು ವರ್ಷ ಬರೆಯಲಿಲ್ಲ.

2006ರಿಂದ 2010ರವರೆಗಿನ ವರ್ಷಗಳು. ನಾನು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಚಿಕ್ಕನಾಯಕನಹಳ್ಳಿಯ ಕಡೆಯ ಬೆಟ್ಟಗಳಿಂದ ಕಬ್ಬಿಣದ ಅದಿರು ತುಂಬಿದ ಲಾರಿಗಳು ಹಗಲೂ ರಾತ್ರಿ ನಮ್ಮ ಶಾಲೆಯ ಮುಂದೆ ಹೋಗುತ್ತಿದ್ದವು. ಚೀನಾ ದೇಶಕ್ಕೆ ಎಷ್ಟು ಅದಿರಾದರೂ ಬೇಕಾಗಿದ್ದ ಕಾಲ. ರಸ್ತೆಯ ಬದಿಯ ತೆಂಗಿನ ಗರಿ ಹಸಿರಾಗಿರಲಿಲ್ಲ, ಹುಣಿಸೆಯ ಎಲೆ ಹಸಿರಾಗಿರಲಿಲ್ಲ, ಮಕ್ಕಳ ಬಿಳಿ ಅಂಗಿ ಬಿಳಿಯಾಗಿರಲಿಲ್ಲ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಕೆಂಪು ದೂಳು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿಗೆ ಪಾಠದ ನಡುವೆ ಕೆಮ್ಮು ಶುರುವಾದರೆ ನಿಲ್ಲುತ್ತಿರಲಿಲ್ಲ. ನಾನು ಬೋಧನೆ ನಿಲ್ಲಿಸಿ ಕಾಯುತ್ತಿದ್ದೆ. ಇಡೀ ತರಗತಿ ಕಾಯುತ್ತಿತ್ತು.

ಅವನ ತಂದೆಯನ್ನು ಕರೆಸಿದೆ. ಶಾಲೆಯ ಹೊತ್ತಿನಲ್ಲಿ ಲಾರಿಗಳನ್ನು ನಿಲ್ಲಿಸಬೇಕು, ರಸ್ತೆಗೆ ದಿನಕ್ಕೆ ಮೂರು ಸಲ ನೀರು ಹಾಕಿಸಬೇಕು, ಅದಿರಿನ ಮೇಲೆ ಟಾರ್ಪಾಲು ಹೊದಿಸಬೇಕು ಎಂದು ತಹಸೀಲ್ದಾರರಿಗೆ ನಾನೇ ಒಂದು ಅರ್ಜಿ ಬರೆದಿದ್ದೆ. ಪೋಷಕರ ಸಹಿ ಬೇಕಿತ್ತು. ಆತ ಅರ್ಜಿಯನ್ನು ಪೂರ್ತಿ ಓದಿದ. "ಮೇಷ್ಟ್ರೇ, ನಂದೂ ಒಂದು ಟಿಪ್ಪರ್ ಓಡ್ತಾ ಐತೆ. ಬ್ಯಾಂಕಿನ ಸಾಲ. ನಾನು ಹೆಂಗೆ ಸಹಿ ಮಾಡ್ಲಿ?" ಎಂದ. ಒಳಗೆ ಮಗ ಕೆಮ್ಮುವುದು ಅವನಿಗೂ ಕೇಳಿಸುತ್ತಿತ್ತು. ಆಮೇಲೆ ಲೆಕ್ಕ ಹಾಕಿದರೆ ಊರಿನಲ್ಲಿ ಮನೆ ಬಿಟ್ಟು ಮನೆಗೆ ಆ ಲಾರಿಗಳ ಜೊತೆ ಏನಾದರೊಂದು ಸಂಬಂಧವಿತ್ತು. ಒಬ್ಬ ಚಾಲಕ, ಒಬ್ಬ ಕ್ಲೀನರ್, ಒಬ್ಬರ ಹೋಟೆಲ್, ಒಬ್ಬರ ಪಂಕ್ಚರ್ ಅಂಗಡಿ. ಊರಿನವರಿಗೆ ಕೆಲಸ ಸಿಕ್ಕಿತ್ತು, ಅದರಲ್ಲಿ ಸುಳ್ಳಿಲ್ಲ. ಸಹಿಗಳು ಏಳೇ ಬಿದ್ದವು.

ಅಷ್ಟರಲ್ಲಿ ಒಂದು ದಿನ ಗಣಿಯ ಕಡೆಯವರು ಶಾಲೆಗೆ ಬಂದರು. ಬಹಳ ವಿನಯವಂತರು. ಏನು ಬೇಕು ಮೇಷ್ಟ್ರೇ ಎಂದು ಕೇಳಿದರು. ನಮ್ಮ ಮಕ್ಕಳು ನೆಲದ ಮೇಲೆ ಕುಳಿತು ಬರೆಯುತ್ತಿದ್ದ ಕಾಲ. ಇಲಾಖೆಗೆ ಬರೆದು ಬರೆದು ಸಾಕಾಗಿತ್ತು. ತಿಂಗಳೊಳಗೆ ಮೂವತ್ತು ಡೆಸ್ಕುಗಳು ಬಂದವು, ಒಳ್ಳೆಯ ಮರದವು. ಸಣ್ಣ ಸಮಾರಂಭವಾಯಿತು. ದಾನಿಗಳನ್ನು ಕುರಿತು ವಂದನಾರ್ಪಣೆ ಮಾಡಿದವನು ನಾನು. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆಯನ್ನು ಮಕ್ಕಳಿಗೆ ಅರ್ಥ ವಿಸ್ತರಿಸಿ ಬರೆಯಿರಿ ಎಂದು ಕನ್ನಡದ ಪಂಡಿತರು ಎಷ್ಟು ಸಲ ಕೊಟ್ಟಿದ್ದರೋ! ಏಳು ಸಹಿಗಳ ಆ ಅರ್ಜಿ ನನ್ನ ಮೇಜಿನ ಖಾನೆಯಲ್ಲೇ ಉಳಿಯಿತು. ಯಾರೂ ನನಗೆ ಕಳಿಸಬೇಡಿ ಎಂದು ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ.

2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ನಂತರ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು, ಮಳೆ ಬಂದು ಹುಣಿಸೆ ಮರ ಮತ್ತೆ ಹಸಿರಾಯಿತು. ಟಿಪ್ಪರಿನ ಸಾಲದ ಕಂತು ನಿಲ್ಲಲಿಲ್ಲ. ಆ ಹುಡುಗನ ತಂದೆ ಎರಡು ಎಕರೆ ತೋಟದಲ್ಲಿ ಒಂದನ್ನು ಮಾರಿದ. ಹುಡುಗನ ಕೆಮ್ಮು ಪಿ.ಯು.ಸಿ. ಹೊತ್ತಿಗೆ ಕಡಿಮೆಯಾಯಿತೆಂದು ಕೇಳಿದೆ. ಕೇಳಿ ನನಗಾದ ಸಮಾಧಾನದಲ್ಲಿ ಸ್ವಾರ್ಥವೇ ಹೆಚ್ಚಿತ್ತು.

ಇದೆಲ್ಲವನ್ನೂ ಅಂದು ನನ್ನ ಶಿಷ್ಯನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಹದಿನಾಲ್ಕು ವರ್ಷದಲ್ಲಿ ನಾನೂ ಒಂದು ಅರ್ಜಿ ಬರ್ದಿಲ್ಲ ಸಾರ್" ಎಂದ. ಪರದೇಶದಲ್ಲಿ ವೀಸಾ ಮಾಲೀಕನ ಕೈಯಲ್ಲಿ. ಹೊಗೆ ಬಂದರೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದು, ಅಷ್ಟೇ. ಆ ನೆಲದಲ್ಲಿ ಅವನ ಬಾವಿಯಿಲ್ಲ, ಅವನ ಮಕ್ಕಳ ಶಾಲೆಯಿಲ್ಲ. ಹೊರಗಿನಿಂದ ಬಂದ ಕೆಲಸಗಾರ ಪ್ರಶ್ನೆ ಕೇಳುವುದಿಲ್ಲ ಎಂಬುದು ಯಾವ ದೇಶದ ಕಂಪನಿಗಾದರೂ ಅನುಕೂಲವೇ. ಊರಿನವನಾದರೆ ಕೇಳಿಯಾನು. ಆದರೆ ಊರಿನವನಿಗೆ ದಿನಗೂಲಿ, ಗುತ್ತಿಗೆ, ಸಾಲದ ಟಿಪ್ಪರು ಕೊಟ್ಟರೆ ಅವನೂ ಕೇಳಲಾರ, ಕೇಳಿದರೆ ನಾಳೆ ಕೆಲಸವಿಲ್ಲ. ಹೀಗಾಗಿ ಎಷ್ಟು ಜನ ಸ್ಥಳೀಯರನ್ನು ತೆಗೆದುಕೊಂಡಿರಿ ಎಂದು ಎಣಿಸಿದರೆ ಸಾಲದು, ಎಂಥ ಕೆಲಸ ಕೊಟ್ಟಿರಿ ಎಂದೂ ಕೇಳಬೇಕು. ಕಲಿತು ಮಾಡುವ, ಸುಲಭವಾಗಿ ಕಿತ್ತೊಗೆಯಲಾಗದ ಕೆಲಸವಿದ್ದವನು ಮಾತ್ರ ಸಂಜೆ ಮನೆಗೆ ಬಂದು ಬಾವಿಯ ನೀರಿನ ಬಗ್ಗೆ ಮಾತನಾಡಬಲ್ಲ. ಕೆಲಸದ ಪ್ರಶ್ನೆ, ಪರಿಸರದ ಪ್ರಶ್ನೆ ಎಂದು ನಾವು ಬೇರೆ ಬೇರೆ ಕಡತ ಮಾಡಿಟ್ಟುಕೊಂಡಿದ್ದೇವೆ. ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ ಅವೆರಡೂ ಒಂದೇ ಲಾರಿಯಲ್ಲಿ ಹೋಗುತ್ತಿದ್ದವು.

ಒಮಾನಿನಲ್ಲಿ ಅವನು ಕಂಡದ್ದು ಎಲ್ಲವೂ ಸುಂದರವೆಂದು ನಾನು ಹೇಳುತ್ತಿಲ್ಲ. ಆದರೆ ಎರಡು ಸಂಗತಿ ನನಗೆ ಹಿಡಿಸಿದವು. ಅಲ್ಲಿಯ ದೊಡ್ಡ ತೈಲ ಕಂಪನಿ, ಪೆಟ್ರೋಲಿಯಂ ಡೆವಲಪ್‌ಮೆಂಟ್ ಒಮಾನ್, ಶೇ. 60ರಷ್ಟು ಅಲ್ಲಿನ ಸರ್ಕಾರದ್ದು, ಶೇ. 34 ಷೆಲ್ ಕಂಪನಿಯದು. 1967ರಲ್ಲಿ ಆ ದೇಶ ಮೊದಲ ಬಾರಿಗೆ ತೈಲ ರಫ್ತು ಮಾಡಿದಾಗ ಎಂಜಿನಿಯರಿನಿಂದ ಬೆಸುಗೆಗಾರನವರೆಗೆ ಹೊರಗಿನವರನ್ನೇ ನೆಚ್ಚಬೇಕಾಗಿತ್ತು. ತಮ್ಮವರನ್ನು ತುಂಬಬೇಕೆಂದು ನಿಶ್ಚಯಿಸಿದಾಗ ಅವರು ಕೇವಲ ಆದೇಶ ಹೊರಡಿಸಿ ಕೂರಲಿಲ್ಲ. ಗುತ್ತಿಗೆದಾರರಿಗೂ ಸ್ಥಳೀಯರ ಪ್ರಮಾಣ ನಿಗದಿ ಮಾಡಿದರು. ಬೆಸುಗೆ, ವಿದ್ಯುತ್, ಯಂತ್ರ ದುರಸ್ತಿ ಕಲಿಸುವ ತರಬೇತಿಗೆ ಕಂಪನಿಯೇ ಹಣ ಹಾಕಿತು. ಕಲಿತವನಿಗೆ ಕಾದಿರುವ ಕೆಲಸ ಇಂಥದು ಎಂದು ಮೊದಲೇ ಗೊತ್ತು ಮಾಡಿ ಕಲಿಸಿದರು. ಆಮೇಲೆ 2018ರ ಜನವರಿಯಲ್ಲಿ 87 ಬಗೆಯ ಕೆಲಸಗಳಿಗೆ ಹೊರದೇಶದವರ ಹೊಸ ವೀಸಾ ನಿಲ್ಲಿಸಿದರು. ನನ್ನ ಶಿಷ್ಯನ ಕೆಲಸವೂ ಅದೇ ಗಾಳಿಗೆ ಹೋಯಿತು.

ಎರಡನೆಯದು ನೀರಿನದು. ದಕ್ಷಿಣ ಒಮಾನಿನ ನಿಮ್ರ್ ಎಂಬಲ್ಲಿ ಭೂಮಿಯಿಂದ ಒಂದು ಪೀಪಾಯಿ ತೈಲ ಬಂದರೆ ಅದರೊಡನೆ ಒಂಬತ್ತು ಹತ್ತು ಪೀಪಾಯಿ ಎಣ್ಣೆಗಲಸಿದ ಉಪ್ಪುನೀರು ಬರುತ್ತದೆ. ಮೊದಲು ಅದನ್ನು ಬಹಳ ವಿದ್ಯುತ್ ಸುಟ್ಟು ಮತ್ತೆ ಆಳಕ್ಕೆ ತಳ್ಳುತ್ತಿದ್ದರು. 2010ರ ನಂತರ ಮರುಭೂಮಿಯಲ್ಲಿ ನೂರಾರು ಹೆಕ್ಟೇರ್ ಪಾತಿ ಮಾಡಿ, ಎಣ್ಣೆಯನ್ನು ಸಾಧ್ಯವಾದಷ್ಟು ಬೇರ್ಪಡಿಸಿ, ಉಳಿದ ನೀರನ್ನು ಇಳಿಜಾರಿನಲ್ಲಿ ತಾನಾಗಿ ಹರಿಯಬಿಟ್ಟರು. ಪಾತಿಗಳಲ್ಲಿ ಬೆಳೆದ ಗಿಡದ ಬೇರಿನಲ್ಲಿರುವ ಸೂಕ್ಷ್ಮಜೀವಿಗಳು ಎಣ್ಣೆಯ ಅಂಶವನ್ನು ತಿನ್ನುತ್ತವೆ. ವಲಸೆ ಹಕ್ಕಿಗಳು ಬಂದಿಳಿಯುತ್ತವೆ. "ಯಾವ ಗಿಡ ಅಂತೀರಿ ಸಾರ್?" ಎಂದು ಕೇಳಿ ಅವನೇ ಉತ್ತರ ಕೊಟ್ಟ. "ಜೊಂಡು. ನಮ್ಮ ಕೆರೆ ಕೋಡಿ ಹತ್ರ ಬೆಳಿಯತ್ತಲ್ಲ, ಹೆಚ್ಚೂ ಕಡಿಮೆ ಅದೇ." ಕೆರೆಯ ಹಿನ್ನೀರಿನ ಜೊಂಡಿನಲ್ಲಿ ಇವನು ಶಾಲೆ ತಪ್ಪಿಸಿ ಅಡಗಿ ಕೂತಿದ್ದಾಗ ನಾನೇ ಕಿವಿ ಹಿಡಿದು ಎಳೆತಂದಿದ್ದೆ. ಅದನ್ನು ಅವನು ಮರೆತಿರಲಿಲ್ಲ, ನಾನೂ.

ನಾನು ನಮ್ಮ ಮಕ್ಕಳಿಗೆ ಕೊಟ್ಟ ಭರವಸೆಯ ಕಥೆಯೂ ಒಂದಿದೆ, ಚಿಕ್ಕದು. 2016ರ ಜನವರಿ 3ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆಗೆ ಪ್ರಧಾನಿಗಳು ಶಂಕುಸ್ಥಾಪನೆ ಮಾಡಿದರು. ಅದೇ ಜನವರಿಯಲ್ಲಿ, ತುಮಕೂರಿನವರ ಕೈಗೂ ಮನೆಗೂ ಗಡಿಯಾರ ಕೊಟ್ಟಿದ್ದ ಎಚ್.ಎಂ.ಟಿ. ಕೈಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ನನ್ನ ಓರಗೆಯ ಎಷ್ಟೋ ಜನ ಆ ಕಾರ್ಖಾನೆಯಲ್ಲಿ ಕೈ ಕಲಿತು ಸಂಸಾರ ಕಟ್ಟಿದವರು. ನಾನು ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ, "ಚೆನ್ನಾಗಿ ಓದಿ, ಕಾರ್ಖಾನೆ ನಿಮ್ಮ ಬಾಗಿಲಿಗೇ ಬರುತ್ತಿದೆ" ಎಂದು ಭಾಷಣ ಮಾಡಿದೆ. 2023ರ ಫೆಬ್ರವರಿ 6ರಂದು ಅದರ ಉದ್ಘಾಟನೆಯೂ ಆಯಿತು. ನನ್ನ ಮಾತು ನಂಬಿ ಐ.ಟಿ.ಐ. ಫಿಟ್ಟರ್ ಮಾಡಿದ ಒಬ್ಬ ಹುಡುಗ ಈಗ ವಸಂತನರಸಾಪುರದ ಒಂದು ಸಣ್ಣ ಘಟಕದಲ್ಲಿ ಗುತ್ತಿಗೆಯ ಮೇಲಿದ್ದಾನೆ. ಸಿಕ್ಕಿದಾಗಲೆಲ್ಲ ನಮಸ್ಕಾರ ಮಾಡುತ್ತಾನೆ. ತಪ್ಪು ಕಾರ್ಖಾನೆಯದಲ್ಲ, ಅಖಿಲ ಭಾರತ ಮಟ್ಟದ ಆಯ್ಕೆಗೆ ಬೇಕಾದ ತಯಾರಿ ಏನೆಂದು ತಿಳಿಯದೆಯೇ ಭಾಷಣ ಮಾಡಿದವನದು. ಏಳು ವರ್ಷ ಸಮಯವಿತ್ತು. ಆ ಏಳು ವರ್ಷದಲ್ಲಿ ಯಾವ ಕೆಲಸಕ್ಕೆ ಯಾವ ತರಬೇತಿ ಬೇಕೆಂದು ನಾನು ಒಂದು ಕಾಗದವನ್ನೂ ಯಾರಿಗೂ ಬರೆದು ಕೇಳಲಿಲ್ಲ.

ಮೇಜಿನ ಮೇಲಿನ ಬಾಟಲಿಗೆ ಬರುತ್ತೇನೆ. ಶಿಷ್ಯನ ಊರಿನ ಬಳಿ ಕೆಲವು ವರ್ಷಗಳಿಂದ ಒಂದು ಘಟಕವಿದೆ. ಎಣ್ಣೆಯದಲ್ಲ, ಬಣ್ಣ ಹಾಕುವ ಕೆಲಸದ್ದು. ಅದರಲ್ಲಿ ಊರಿನ ಮೂವತ್ತು ನಲವತ್ತು ಜನ ದುಡಿಯುತ್ತಾರೆ, ಎಲ್ಲರೂ ಗುತ್ತಿಗೆಯವರು. ಕಳೆದ ಬೇಸಿಗೆಯಿಂದ ಇವನ ಕೊಳವೆಬಾವಿಯ ನೀರು ನಿಲ್ಲಿಸಿಟ್ಟರೆ ತಳದಲ್ಲಿ ಹಳದಿ ಗಸಿ ಕೂರುತ್ತದೆ. ಘಟಕದಿಂದಲೇ ಎಂದು ಅವನು ಹೇಳುವುದಿಲ್ಲ, ನಾನೂ ಹೇಳಲಾರೆ. ನಮ್ಮ ಜಿಲ್ಲೆಯ ಕೊಳವೆಬಾವಿಗಳಲ್ಲಿ ಫ್ಲೋರೈಡು, ಕಬ್ಬಿಣ ಮೊದಲೂ ಇದ್ದದ್ದೇ. ಪರೀಕ್ಷೆ ಆಗಬೇಕು. ಊರಿನಲ್ಲಿ ಯಾರೂ ಮುಂದೆ ಬರುತ್ತಿಲ್ಲ. ಇವನ ಸ್ವಂತ ತಮ್ಮನ ಮಗನೇ ಅಲ್ಲಿ ಕೆಲಸಕ್ಕಿದ್ದಾನೆ. "ದೊಡ್ಡಪ್ಪಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡ" ಎಂದು ಕೈಮುಗಿದನಂತೆ.

"ಒಂದು ಅರ್ಜಿ ಬರ್ಕೊಡಿ ಸಾರ್. ನಿಮ್ಮ ಕನ್ನಡದಲ್ಲಿ ಬರ್ದ್ರೆ ಅವ್ರು ಓದ್ತಾರೆ" ಎಂದ.

ಎರಡು ಅರ್ಜಿ ಬರೆದೆ. ಒಂದು, ಸುತ್ತಲಿನ ಐದು ಕೊಳವೆಬಾವಿಗಳ ನೀರನ್ನು ಪರೀಕ್ಷಿಸಬೇಕೆಂದು. ಇನ್ನೊಂದು, 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ. ಘಟಕಕ್ಕೆ ಕೊಟ್ಟ ಒಪ್ಪಿಗೆಯ ಷರತ್ತುಗಳೇನು, ತ್ಯಾಜ್ಯನೀರನ್ನು ಕಡೆಯ ಬಾರಿ ಯಾವಾಗ ಪರೀಕ್ಷಿಸಲಾಯಿತು, ಫಲಿತಾಂಶವೇನು, ಇಷ್ಟೇ ಮೂರು ಪ್ರಶ್ನೆ. ಅವನು ಓದಿ, ಕಡೆಯಲ್ಲಿ ತನ್ನ ಹೆಸರು ಮಾತ್ರ ಬರೆಯಲು ಹೊರಟ. ಎರಡನೆಯದು ನನ್ನ ಹೆಸರಿನಲ್ಲಿ ಹೋಗಲಿ ಎಂದು ಪೆನ್ನು ಇಸಿದುಕೊಂಡೆ. "ಯಾಕ್ ಸಾರ್, ಈ ವಯಸ್ಸಲ್ಲಿ" ಎಂದ. ತಮ್ಮನ ಮಗನ ವಿಷಯ ಅವನ ಮನಸ್ಸಿನಲ್ಲಿತ್ತು, ನನ್ನ ಮನಸ್ಸಿನಲ್ಲೂ ಇತ್ತು. ನನ್ನ ಪಿಂಚಣಿಯನ್ನು ಯಾರೂ ಕಿತ್ತುಕೊಳ್ಳಲಾರರು.

ಸೋಮವಾರ ಪ್ರಧಾನ ಅಂಚೆ ಕಚೇರಿಗೆ ಹೋಗಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೊಂಡು, ಎರಡನ್ನೂ ರಿಜಿಸ್ಟರ್ ಮಾಡಿ ಬಂದೆ. ಬಾಟಲಿ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ. ಗಸಿ ಅರ್ಧ ಬೆರಳು ದಪ್ಪಕ್ಕೆ ಕೂತಿದೆ. ಎಸೆಯಲೇ ಎಂದು ಮನೆಯವರು ಎರಡು ಸಲ ಕೇಳಿದರು. ಉತ್ತರ ಬರಬೇಕಾದ ಮೂವತ್ತು ದಿನಗಳಲ್ಲಿ ಇಂದಿಗೆ ಹತ್ತೊಂಬತ್ತು ಕಳೆದಿವೆ.